ಚಾಮುಂಡಿ ಹೇಳಿದ ಒಳ್ಳೆಯ ಮಾತು

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಚಾಮುಂಡಿಯ ಕೈಯಲ್ಲಿ ಉಂಡವರು ಯಾರೂ ಅರೆಹೊಟ್ಟೆಯಲ್ಲಿ ಎದ್ದಿದ್ದಿಲ್ಲ. ಎದ್ದೇಳಲು ಅವಳು ಬಿಡುತ್ತಿರಲಿಲ್ಲ. ಬೆಂಗಳೂರು, ಮೈಸೂರು ಕಡೆಯಿಂದ ಬಂದು ಇಲ್ಲಿನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ಹುಡುಗರು ವಾರದ ದಿನಗಳಲ್ಲಿ ಅವಳ ಫ್ಲ್ಯಾಟಿನ ಬಾಗಿಲಿಂದ ಊಟವನ್ನು ಟಪಾವ್, ಅಂದರೆ ಪೊಟ್ಟಣ, ಕಟ್ಟಿಸಿಕೊಂಡು ಹೋಗುತ್ತಾರೆ. ಭಾನುವಾರ ಮಾತ್ರ ಒಳಗೇ ಕೂತು ಉಣ್ಣುತ್ತಾರೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಬೇಡ ಆಂಟಿ, ಸಾಕು" ಅಂದವನ ಬೆರಳ ಸಂದಿಯಲ್ಲೇ ಸಾರು ಸುರಿದುಬಿಡುತ್ತಿದ್ದಳು. ಬಿಸಿ ತಾಗಿ ಅವನು ಕೈ ಎಳೆದುಕೊಂಡರೆ ಅಲ್ಲಿಗೆ ಇನ್ನೊಂದು ಸೌಟು ಅನ್ನ ಬೀಳುತ್ತಿತ್ತು.

"ಬೇಡ ಅನ್ನೋದು ಬಾಯಿ ಕಣೋ, ಹೊಟ್ಟೆ ಅಲ್ಲ. ಸುಮ್ನೆ ತಿನ್ನು."

ಇದು ಅವಳು ತಾಯಿಯಿಂದ ಕಲಿತದ್ದು. ತಾಯಿ ಚಂದ್ರಮ್ಮ ಮೈಸೂರಿನಲ್ಲಿ ಮದುವೆ ಮನೆಗಳಿಗೆ ಅಡುಗೆ ಮಾಡುತ್ತಿದ್ದವಳು. ಲಂಗದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಕ್ತಿಯ ಮಧ್ಯೆ ಪಾಯಸದ ಬಕೆಟ್ ಹಿಡಿದು ಓಡಾಡುವಾಗಲೇ ಚಾಮುಂಡಿಗೆ ಒಂದು ತಿಳಿವಳಿಕೆ ಬಂದಿತ್ತು: ನಮ್ಮ ಜನ ಬೇಕಾದ್ದನ್ನು ಬೇಕು ಅನ್ನುವುದಿಲ್ಲ. ಎಲೆಗೆ ಅಡ್ಡ ಬಾಗಿ ಬೇಡ, ಬೇಡ ಅನ್ನುತ್ತಾರೆ. ಆ ಮಾತನ್ನು ನಂಬಿ ಮುಂದಿನ ಎಲೆಗೆ ಹೋದರೆ, ಬೀಗರಿಗೆ ಸರಿಯಾಗಿ ಬಡಿಸಲಿಲ್ಲ ಎಂದು ಸಂಜೆಯೊಳಗೆ ಜಗಳ. ಈ ತಿಳಿವಳಿಕೆಯನ್ನು ಅವಳು ಮಲೇಷ್ಯಾಕ್ಕೂ ತಂದಳು, ಆಮೇಲೆ ಕೆರಿಬಿಯನ್ ಸಮುದ್ರಕ್ಕೂ ಒಯ್ದಳು. ಅಲ್ಲಿ ಅದು ಒಬ್ಬ ಮನುಷ್ಯನ ಕೆಲಸ ತಿಂದಿತು.

ಗಂಡ ಗಂಗಾಧರ ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿದ್ದಾನೆ. ಮಾತುಗಾರ. ಬಾಗಿಲು ತೆರೆದವರಿಗೆಲ್ಲ ಅವರ ನಲ್ಲಿಯ ನೀರನ್ನೇ ಗಾಜಿನ ಲೋಟದಲ್ಲಿ ಹಿಡಿದು ತೋರಿಸಿ ಹೆದರಿಸುವುದರಲ್ಲಿ ಗಟ್ಟಿಗ. ಕಳೆದ ವರ್ಷ ಅವನು ಹೆದರಿಸಿದವರ ಸಂಖ್ಯೆ ಎಲ್ಲರಿಗಿಂತ ಜಾಸ್ತಿ ಆಯಿತಂತೆ, ಕಂಪನಿ ಗಂಡಹೆಂಡತಿಯನ್ನು ಹಡಗಿನ ಪ್ರವಾಸಕ್ಕೆ ಕಳಿಸಿತು. ಅಮೆರಿಕದ ಮಯಾಮಿಯಲ್ಲಿ ಹತ್ತಿ, ಜಮೈಕಾ, ಮೆಕ್ಸಿಕೋ ಕಡೆ ಸುತ್ತಿ, ಮತ್ತೆ ಮಯಾಮಿಯಲ್ಲೇ ಇಳಿಯುವ ಹಡಗು.

ಹಡಗು ಎಂದರೂ ಅದೊಂದು ಊರೇ. ನಮ್ಮ ಊರುಗಳ ಹಾಗೆಯೇ ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಎರಡು ಪಾಲು. ಮೇಲೆ ಈಜುಕೊಳ, ನಾಟಕಶಾಲೆ, ಮುಗಿಯದ ಊಟ. ಕೆಳಗೆ, ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿ, ಕಿಟಕಿ ಇಲ್ಲದ ಗೂಡುಗಳಲ್ಲಿ, ಮೇಲಿನವರ ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರು. ಅವರ ಅಡುಗೆ ಬೇರೆ, ಅವರ ಮೆಟ್ಟಿಲು ಬೇರೆ. ಕೆಳಗಿನದು ಮೇಲೆ ಬರುವಂತಿಲ್ಲ. ಈ ಏರ್ಪಾಡನ್ನು ಹಡಗಿನವರು ಹೊಸದಾಗಿ ಕಂಡುಹಿಡಿದರು ಎಂದು ನನಗಂತೂ ಅನ್ನಿಸುವುದಿಲ್ಲ.

ಹತ್ತಿದ ಮರುದಿನದಿಂದಲೇ ಚಾಮುಂಡಿಗೆ ಹೊಟ್ಟೆ ತೊಳೆಸತೊಡಗಿತು. ಗಂಗಾಧರ ಮೂರು ಹೊತ್ತೂ ಪನೀರಿನ ಕೆಂಪು ಗ್ರೇವಿ ಬಾರಿಸುತ್ತಿದ್ದರೆ ಇವಳು ಹಾಸಿಗೆಯಲ್ಲಿ ಮಗ್ಗುಲಾಗಿ ಗೋಡೆ ನೋಡುತ್ತಿದ್ದಳು. ಒಳಗೆ ಹೋದದ್ದೆಲ್ಲ ಹೊರಗೆ. ನೀರೂ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಬಿಟ್ಟುಬಂದ ಮಗಳು ಇಂಚರಳಿಗೆ ಫೋನು ಹಚ್ಚಿ, "ನಾನು ಸತ್ರೆ ಇವರು ಸಮುದ್ರಕ್ಕೇ ಎಸೀತಾರೇನೋ ಕಣೇ" ಎಂದಳು. ಮಗಳು, "ಅಮ್ಮಾ, ಡೋಂಟ್ ಬಿ ಸೋ ಡ್ರಾಮಾ ಲಾ" ಎಂದು ಮಲೇಷ್ಯಾದ ಇಂಗ್ಲಿಷಿನಲ್ಲಿ ಹೇಳಿ ಇಟ್ಟಳು.

ರೂಮು ಚೊಕ್ಕಟ ಮಾಡಲು ಬಂದಿದ್ದ ಆಳಿಗೆ ಈ ಮಾತು ಕೇಳಿಸಿತ್ತು. ನಲವತ್ತು ದಾಟಿದವನು, ಕಿವಿಯ ಹತ್ತಿರ ನರೆ. ಅವನು ಕೈಯಲ್ಲಿದ್ದ ಟವೆಲ್ಲನ್ನು ಹಾಗೇ ಹಿಡಿದು ನಿಂತ.

"ಅಕ್ಕಾ, ನೀವು ನಮ್ಮ ಕಡೆಯವರಾ?"

ಹೆಸರು ಉಮಾನಾಥ. ಕಾರ್ಕಳದ ಹತ್ತಿರ ಬೆಳ್ಮಣ್ಣಿನವನು. ಮದುವೆಯಾದಾಗಿನಿಂದ ಹಡಗಿನಲ್ಲೇ ದುಡಿಮೆ. ಮನೆ ಕಟ್ಟಿಸಿದ್ದೂ ಅದರಲ್ಲೇ, ಮಗಳನ್ನು ಓದಿಸುತ್ತಿರುವುದೂ ಅದರಲ್ಲೇ.

"ಎಂತ ಅಕ್ಕಾ, ನಿನ್ನೆಯ ತಟ್ಟೆಯೂ ಹಾಗೇ ಉಂಟು. ಏನೂ ತಿನ್ಲಿಲ್ವಾ?"

"ನೋಡಿದ್ರೇ ವಾಂತಿ ಬರುತ್ತಪ್ಪ. ಒಂದು ತುತ್ತು ಸಾರನ್ನ ಸಿಕ್ಕಿದ್ರೆ ಬದುಕ್ತಿದ್ದೆ."

ಅವನು ನಿನ್ನೆಯ ತಟ್ಟೆ ಎತ್ತಿಕೊಂಡು ಹೋದ. ಸಂಜೆ ಹಾಸಿಗೆ ಸರಿಮಾಡಲು ಬಂದಾಗ ಒಗೆದ ಟವೆಲ್ಲುಗಳ ಅಡಿಯಿಂದ ಒಂದು ಮುಚ್ಚಳದ ಡಬ್ಬಿ ತೆಗೆದ. ಒಳಗೆ ಮೆತ್ತಗೆ ಬೆಂದ ಅನ್ನ, ಮೇಲೆ ಬೆಳ್ಳುಳ್ಳಿ ಒಗ್ಗರಣೆಯ ತಿಳಿಸಾರು. ಕೆಳಗೆ ಕೆಲಸಗಾರರ ಮೆಸ್ಸಿನಲ್ಲಿ ಮಾಡಿದ್ದು. ಚಾಮುಂಡಿ ಚಮಚ ಬಿಸಾಕಿ ಕೈಯಲ್ಲಿ ಕಲಸಿ ಉಂಡಳು. ಉಂಡದ್ದು ನಿಂತಿತು. ಹುಟ್ಟಿದ ಮೇಲೆ ಊರೆಲ್ಲರಿಗೆ ಬಡಿಸಿದವಳಿಗೆ, ಹಸಿದಾಗ ಇನ್ನೊಬ್ಬರು ತಂದು ಕೊಟ್ಟದ್ದು ಅದೇ ಮೊದಲು ಎಂದು ಆಮೇಲೆ ಹೇಳುತ್ತಿದ್ದಳು.

"ಯಾರಿಗೂ ಹೇಳ್ಬೇಡಿ ಮಾರಾಯ್ರೆ," ಎಂದ ಉಮಾನಾಥ, ಖಾಲಿ ಡಬ್ಬಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತುತ್ತಾ. "ನಮ್ಮ ಊಟ ಮೇಲೆ ತರ್ಲಿಕ್ಕಿಲ್ಲ."

"ಆಯ್ತಪ್ಪಾ. ನಿನ್ನ ಮಕ್ಕಳು ಚೆನ್ನಾಗಿರ್ಲಿ."

ಆಮೇಲೆ ಪ್ರತಿ ಸಂಜೆ ಡಬ್ಬಿ ಬಂತು. ಅವಳು ಎದ್ದು ಓಡಾಡಿದಳು, ಜಮೈಕಾದಲ್ಲಿ ಇಳಿದು ಜಲಪಾತ ನೋಡಿದಳು, ರೇಷ್ಮೆ ಸೀರೆಯುಟ್ಟು ಬಿಳಿಯರ ಜೊತೆ ಫೋಟೋ ತೆಗೆಸಿಕೊಂಡಳು. ಯಾರಿಗೂ ಹೇಳಬೇಡಿ ಎಂದು ಉಮಾನಾಥ ಇನ್ನೂ ಒಂದೆರಡು ಸಲ ಹೇಳಿದ. ಅವಳ ಕಿವಿಗೆ ಅದು ಎಲೆಯ ಮೇಲೆ ಅಡ್ಡ ಬಂದ ಕೈಯ ಹಾಗೆಯೇ ಕೇಳಿಸಿತು. ಪಾಪ, ಸಂಕೋಚದ ಮನುಷ್ಯ. ಮಾಡಿದ ಉಪಕಾರ ನಾಲ್ಕು ಜನಕ್ಕೆ ಗೊತ್ತಾಗುವುದು ಬೇಡ ಅನ್ನುತ್ತಾನೆ. ಅಂಥವನಿಗೆ ಬಡಿಸದೆ ಮುಂದೆ ಹೋಗುವುದುಂಟೆ?

ಕೊನೆಯ ದಿನ ಬೆಳಗಿನ ತಿಂಡಿ ಮುಗಿಸಿ ಹೊರಬರುವಾಗ ಊಟದ ಹಾಲಿನ ಬಾಗಿಲಲ್ಲಿ ಬಿಳಿ ಸಮವಸ್ತ್ರದ ಉದ್ದನೆಯ ಮನುಷ್ಯನೊಬ್ಬ ನಿಂತಿದ್ದ. ರೂಮುಗಳ ಆಳುಗಳಿಗೆಲ್ಲ ಮೇಲಿನವನು. ಎಲ್ಲ ಚೆನ್ನಾಗಿತ್ತೇ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದ. ಚಾಮುಂಡಿ ನಿಂತಳು. ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಮಾಡಿದಳು. ನಿಮ್ಮ ಉಮಾನಾಥ ದೇವರಂಥ ಮನುಷ್ಯ, ನನಗೆ ಹುಷಾರಿಲ್ಲದಾಗ ಕೆಳಗಿನ ಮೆಸ್ಸಿನಿಂದ ಸಾರನ್ನ ತಂದುಕೊಟ್ಟ, ಹೀಗೆ ಟವೆಲ್ಲಿನಲ್ಲಿ ಸುತ್ತಿ, ಬಿಸಿಬಿಸಿಯಾಗಿ! ಡಬ್ಬಿ, ಮುಚ್ಚಳ, ಟವೆಲ್ಲು, ಎಲ್ಲವನ್ನೂ ಕೈಯಲ್ಲಿ ಅಭಿನಯಿಸಿ ತೋರಿಸಿದಳು.

"ಸೋ ನೈಸ್," ಎಂದ ಅವನು, ಹಲ್ಲು ಬಿಟ್ಟು. "ಎವ್ರಿ ಡೇ?"

"ಎವ್ರಿ ಡೇ!"

"ಗಿವ್ ಹಿಮ್ ಪ್ರಮೋಷನ್ ಲಾ!" ಎಂದು ಗಂಗಾಧರ ಹಿಂದಿನಿಂದ ಕೂಗಿದ. ರೂಮ್ ನಂಬರ್ ಯಾವುದು ಎಂದು ಬಿಳಿ ಸಮವಸ್ತ್ರದವನು ಕೇಳಿದ. ಇಬ್ಬರೂ ಒಟ್ಟಿಗೇ ಹೇಳಿದರು.

ಮುಷ್ಕರ ಹೂಡಿ ಕಾರ್ಖಾನೆಯ ಗೇಟಿನ ಮುಂದೆ ನಾಲ್ಕು ದಿನ ಕೂತವರಿಗೆ ಯಾರೂ ಹೇಳಿಕೊಡದೆ ತಿಳಿಯುವ ವಿಷಯ ಇದು: ಮೇಲಿನವನ ಮುಂದೆ ಕೆಳಗಿನವನನ್ನು ಹೊಗಳುವಾಗ ಅವನು ಮಾಡಿದ್ದನ್ನೆಲ್ಲ ಬಿಡಿಸಿ ಹೇಳಬಾರದು. ನಗುನಗುತ್ತಾ ಎರಡನೇ ಪ್ರಶ್ನೆ ಕೇಳುವ ಅಧಿಕಾರಿಯ ಮುಂದಂತೂ ಬಾಯಿ ತೆರೆಯಲೇಬಾರದು. ಆದರೆ ಚಾಮುಂಡಿ ಕಲಿತದ್ದು ಗೇಟಿನ ಮುಂದಲ್ಲ, ಪಂಕ್ತಿಯಲ್ಲಿ.

ಮನೆಗೆ ಬಂದು, ಹುಡುಗರ ಊಟ ಮತ್ತೆ ಶುರುಮಾಡಿ, ಹೋದಲ್ಲಿ ಬಂದಲ್ಲಿ ಪ್ರವಾಸದ ಕತೆ ಹೇಳಿ ಮುಗಿಸಿದ ಮೇಲೆ ಒಂದು ಮಧ್ಯಾಹ್ನ ಅವಳು ಉಮಾನಾಥನಿಗೆ ಫೋನು ಮಾಡಿದಳು. ನಂಬರು ಅವನೇ ಕೊಟ್ಟಿದ್ದ. ನಿನ್ನ ಸಾಹೇಬರ ಹತ್ತಿರ ನಿನ್ನ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದೆ ಗೊತ್ತಾ ಎಂದು ಖುಷಿಪಡಿಸಬೇಕಿತ್ತು. ಆ ಕಡೆ ಕೋಳಿ ಕೂಗುತ್ತಿತ್ತು.

"ಹಡಗಲ್ಲಿ ಕೋಳಿನೂ ಸಾಕ್ತಾರೇನಪ್ಪ?"

"ಹಡಗು ಎಲ್ಲಿ ಅಕ್ಕಾ? ಮನೆಯಲ್ಲಿದ್ದೇನೆ. ಕಳಿಸಿದ್ರು."

"ರಜೆಯಾ?"

"ರಜೆ ಎಂತ. ಕೆಲಸ ಹೋಯ್ತು. ಮೆಸ್ಸಿನ ಊಟ ಮೇಲೆ ಕೊಂಡು ಹೋದದ್ದು ದೊಡ್ಡವರ ಕಿವಿಗೆ ಬಿತ್ತು. ನೀವು ಇಳಿದ ಸಂಜೆಯೇ ಕರೆದ್ರು. ಟವೆಲ್ಲಲ್ಲಿ ಸುತ್ತಿದ್ದೂ ಗೊತ್ತುಂಟು ಅವರಿಗೆ. ಇನ್ನು ಆ ಕಂಪನಿಯ ಯಾವ ಹಡಗೂ ಹತ್ತಿಸೂದಿಲ್ಲ."

ಚಾಮುಂಡಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಯಾರು ಹೇಳಿದ್ದು ಅಂತ ನನಗೆ ಗೊತ್ತಿಲ್ವಾ ಅಕ್ಕಾ? ನಿಖಿಲ ಅಂತ, ಕುಮಟೆಯವ. ಒಂದೇ ರೂಮು, ಅವನು ಮೇಲಿನ ಮಂಚ, ನಾನು ಕೆಳಗಿನದ್ದು. ವರ್ಷಗಟ್ಲೆ ಒಟ್ಟಿಗೆ ಇದ್ದೆವು. ಡಬ್ಬಿಯ ವಿಷಯ ಗೊತ್ತಿದ್ದದ್ದು ಅವನಿಗೊಬ್ಬನಿಗೆ. ಇಳಿಯುವಾಗ ಎಲ್ಲರೆದುರು ಅವನ ಮುಖಕ್ಕೆ ಉಗಿದು ಬಂದೆ. ನಾನಲ್ಲ ಮಾರಾಯಾ ಅಂತ ಅತ್ತ, ನಾಟಕ." ಅವನು ಕೋಳಿಯನ್ನು ಅಟ್ಟಿ ಮತ್ತೆ ಫೋನಿಗೆ ಬಂದ. "ನಿಮಗೆ ಏನೂ ತೊಂದರೆ ಆಗ್ಲಿಲ್ಲ ಅಲ್ವಾ? ಯಾವ ಗೆಸ್ಟ್ ಅಂತ ಕೇಳಿದ್ರು. ನಾನು ಹೇಳ್ಲಿಲ್ಲ."

ರೂಮ್ ನಂಬರ್ ಕೈಯಲ್ಲಿಟ್ಟುಕೊಂಡೇ ಅವರು ಕೇಳಿದ್ದರು. ಹೇಳಿದ್ದು ನಾನು ಎಂಬ ಒಂದು ಮಾತು ಅವಳ ನಾಲಿಗೆಯವರೆಗೆ ಬಂತು. "ಇಲ್ಲಪ್ಪಾ," ಎಂದಳು. "ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ." ಒಲೆಯ ಮೇಲೆ ಕುಕ್ಕರ್ ಇರಲಿಲ್ಲ.

ಆಮೇಲೆ ಮಾಡಲಿಲ್ಲ. ಸಂಜೆ ಗಂಡನಿಗೆ ಹೇಳಿದಳು. ಅವನು ಶೂ ಬಿಚ್ಚುತ್ತಾ, "ಬಿಡೇ. ನಾವೇನು ಬೇಕೂಂತ ಮಾಡಿದ್ವಾ? ಕೆಲಸ ಗೊತ್ತಿರೋನು, ಇನ್ನೊಂದು ಹಡಗು ಸಿಗುತ್ತೆ" ಎಂದ.

"ಪ್ರಮೋಷನ್ ಲಾ ಅಂತ ಕೂಗಿದ್ದು ಯಾರು?"

"ಡಬ್ಬಿ ಹಿಡಿದು ಡ್ಯಾನ್ಸ್ ಮಾಡಿದ್ದು ಯಾರು?"

ಆ ಮನೆಯಲ್ಲಿ ಕೆಲವು ದಿನ ಇದಕ್ಕಿಂತ ಹೆಚ್ಚು ಮಾತು ನಡೆಯಲಿಲ್ಲ. ಊಟಕ್ಕೆ ಬಂದ ಹುಡುಗರು ಸಾರಿಗೆ ಉಪ್ಪಿಲ್ಲ ಎಂದರು. ಒಮ್ಮೆ ಉಪ್ಪು ಎರಡು ಸಲ ಬಿದ್ದಿತ್ತು. ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿದಾಗಲೆಲ್ಲ ಅವಳಿಗೆ ಆ ಡಬ್ಬಿಯ ವಾಸನೆ ಬರುತ್ತಿತ್ತು. ಕೆಲಸ ಹೋದದ್ದು ಒಂದು ತೂಕ. ಮಾಡದ ತಪ್ಪಿಗೆ ಉಗುಳಿಸಿಕೊಂಡ ಆ ಕುಮಟೆಯವನು ಇನ್ನೊಂದು ತೂಕ. ಅವಳು ಬಾಯಿಬಿಡದ ಒಂದೊಂದು ದಿನವೂ ಅವನು ಚಾಡಿಕೋರನಾಗಿಯೇ ಇರುತ್ತಿದ್ದ.

ಇಲ್ಲಿನ ನಮ್ಮ ಕನ್ನಡ ಸಂಘದಲ್ಲಿ ಒಂದು ಪದ್ಧತಿ ಉಂಟು. ಯಾರೇ ದೂರದ ಪ್ರವಾಸ ಹೋಗಿ ಬರಲಿ, ಅವರು ತಿಂಗಳ ಸಭೆಯಲ್ಲಿ ಎದ್ದು ನಿಂತು ಕಂಡದ್ದನ್ನು ಹೇಳಬೇಕು, ಮುಂದೆ ಹೋಗುವವರಿಗೆ ನಾಲ್ಕು ಕಿವಿಮಾತು ಕೊಡಬೇಕು. ತಪ್ಪಿಸಿಕೊಂಡವರನ್ನು ವರ್ಷವಿಡೀ ಆಡಿಕೊಳ್ಳುತ್ತಾರೆ. ಬ್ರಿಕ್‌ಫೀಲ್ಡ್ಸ್‌ನಲ್ಲಿ ಸೀರೆ ಅಂಗಡಿಯ ಮೇಲಿನ ಹಾಲಿನಲ್ಲಿ ಸಭೆ. ಚಾಮುಂಡಿ ಜ್ವರ ಎಂದು ನೋಡಿದಳು, ಮೈಕೈ ನೋವು ಎಂದು ನೋಡಿದಳು. ಗಂಗಾಧರ ಆಗಲೇ ಫೋಟೋಗಳನ್ನು ಪರದೆಗೆ ಹಾಕಲು ಕೊಟ್ಟಾಗಿತ್ತು.

ಅವಳು ಮಾತಾಡಿದಳು, ಚೆನ್ನಾಗಿಯೇ ಮಾತಾಡಿದಳು.

"ಅಮೆರಿಕದ ವೀಸಾ ಒಂದೇ ಸಲ ಒಳಗೆ ಬಿಡೋದು ತಗೋಬೇಡಿ. ಹಡಗು ಹೊರಗೆ ಹೋಗಿ ವಾಪಸ್ ಬರುತ್ತಲ್ಲ, ಎರಡನೇ ಸಲ ಒಳಗೆ ಬಿಡ್ಬೇಕು. ಶುಂಠಿ ಒಣಗಿಸಿ ಸಕ್ಕರೇಲಿ ಅದ್ದಿದ್ದು ಇಟ್ಕೊಳ್ಳಿ, ಹೊಟ್ಟೆ ತೊಳೆಸಿದ್ರೆ ಬೇಕಾಗುತ್ತೆ. ರೂಮು ತಗೊಳ್ಳೋವಾಗ ಹಡಗಿನ ನಡುಮಧ್ಯದ್ದು ಕೇಳಿ, ತುದೀಲಿ ತೂಗೋದು ಜಾಸ್ತಿ. ರೇಷ್ಮೆ ಸೀರೆ ಉಟ್ಕೊಂಡು ಮೇಲಿನ ಅಟ್ಟಕ್ಕೆ ಹೋಗ್ಬೇಡಿ, ಗಾಳಿ ಮರ್ಯಾದೆ ಉಳಿಸಲ್ಲ."

ಜನ ನಕ್ಕರು. ಹಿಂದಿನಿಂದ ಯಾರೋ, "ಗಂಗಾಧರ ಪಂಚೆ ಉಟ್ಟಿದ್ನಾ?" ಎಂದು ಕೇಳಿದರು. ಇನ್ನಷ್ಟು ನಗು. ಪರದೆಯ ಮೇಲೆ ನೀಲಿ ನೀರು, ಬಿಳಿ ಮರಳು, ಬಣ್ಣದ ಗುಡಿಸಲುಗಳು ಬಂದು ಹೋದವು. ಅವಳು ಮೈಕು ಇಡುವುದರಲ್ಲಿದ್ದಳು.

ಆಗ ಪೂರ್ವಿ ಎದ್ದಳು. ಈಚೆಗೆ ಬೆಂಗಳೂರಿನಿಂದ ಬಂದವಳು, ಗಂಡಹೆಂಡತಿ ಇಬ್ಬರೂ ಕಂಪ್ಯೂಟರ್ ಕೆಲಸದವರು.

"ಆಂಟಿ, ನಾವು ಡಿಸೆಂಬರ್‌ಗೆ ಅದೇ ಶಿಪ್ ಬುಕ್ ಮಾಡಿದೀವಿ. ನಮ್ಮತ್ತೆ ಜೊತೇಲಿ ಬರ್ತಿದ್ದಾರೆ, ಅವರಿಗೆ ಸಾರನ್ನ ಇಲ್ದಿದ್ರೆ ಆಗೋದೇ ಇಲ್ಲ. ನಿಮಗೆ ದಿನಾ ರೂಮಿಗೇ ಬರ್ತಿತ್ತು ಅಂತ ಅಂಕಲ್ ಹೇಳಿದ್ರು. ಅದನ್ನ ಹೇಳ್ಲೇ ಇಲ್ವಲ್ಲ! ಯಾರನ್ನ ಹಿಡೀಬೇಕು? ಹೆಸರು ಹೇಳಿ, ನಾವೂ ಅವರನ್ನೇ ಹಿಡೀತೀವಿ."

ಚಾಮುಂಡಿ ಗಂಡನನ್ನು ನೋಡಿದಳು. ಅವನು ಪರದೆ ನೋಡಿದ.

"ಅವನು ಅಲ್ಲಿಲ್ಲ," ಎಂದಳು.

"ರಜೆ ಮೇಲಾ?"

"ಕೆಲಸದಿಂದ ತೆಗೆದ್ರು. ನಾನು ತೆಗೆಸ್ದೆ."

ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು. ಅವಳು ಎಲ್ಲವನ್ನೂ ಹೇಳಿದಳು. ಟವೆಲ್ಲು, ಡಬ್ಬಿ, ಹೇಳಬೇಡಿ ಎಂದದ್ದು, ಬಾಗಿಲಲ್ಲಿ ನಿಂತ ಬಿಳಿ ಸಮವಸ್ತ್ರ, ಕುಮಟೆಯ ನಿಖಿಲ. "ಯಾರಾದ್ರೂ ಅಲ್ಲಿ ನಿಮಗೆ ಕದ್ದು ಮುಚ್ಚಿ ಒಳ್ಳೇದು ಮಾಡಿದ್ರೆ, ಕದ್ದು ಮುಚ್ಚೇ ಇಡಿ. ಇದೇ ನನ್ನ ಟಿಪ್ಸು," ಎಂದು ಕೂತಳು.

ಆಮೇಲೆ ನಮ್ಮವರು ಮಾಡುವುದನ್ನೇ ಮಾಡಿದರು, ಸಮಾಧಾನ ಮಾಡಿದರು. ನೀವೇನು ಕೆಟ್ಟದ್ದು ಬಯಸಿದ್ರಾ, ಎಲ್ಲರ ಮುಂದೆ ಹೇಳೋಕೂ ಧೈರ್ಯ ಬೇಕು, ನಿಮ್ಮದು ದೊಡ್ಡ ಮನಸ್ಸು. ಒಬ್ಬರು ಚಪ್ಪಾಳೆ ಶುರುಮಾಡಿದರು, ಉಳಿದವರೂ ಸೇರಿದರು. ಕೆಲಸ ಹೋದವನು ಬೆಳ್ಮಣ್ಣಿನಲ್ಲಿ, ಚಪ್ಪಾಳೆ ಬ್ರಿಕ್‌ಫೀಲ್ಡ್ಸ್‌ನಲ್ಲಿ. ಉಪ್ಪಿಟ್ಟಿನ ಸಾಲಿನಲ್ಲಿ ನಿಂತಾಗ ಚಾಮುಂಡಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಕಳೆ ಬಂದಿತ್ತು.

ಕಾಂತಮ್ಮ ಎಂದು ಒಬ್ಬಾಕೆ ಇದ್ದಾರೆ, ಸಂಘದಲ್ಲಿ ಎಲ್ಲರಿಗಿಂತ ಹಿರಿಯರು, ಮಂಡ್ಯ ಕಡೆಯವರು. ಅವರ ನಾಲಿಗೆಗೆ ಅಧ್ಯಕ್ಷರೂ ಹೆದರುತ್ತಾರೆ. ನಾನೂ ಅವರೂ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದೆವು. ಚಾಮುಂಡಿ ತಟ್ಟೆ ಹಿಡಿದು ಹತ್ತಿರ ಬಂದಳು.

"ಹೇಳಿ ಹಗುರ ಆಯ್ತೇನೇ?" ಎಂದರು ಕಾಂತಮ್ಮ.

"ಸ್ವಲ್ಪ ಆಯ್ತಮ್ಮ."

"ಇಷ್ಟು ಜನಕ್ಕೆ ಹೇಳ್ದಲ್ಲ. ಅವನಿಗೆ ಹೇಳಿದ್ಯಾ?"

ಚಾಮುಂಡಿ ಚಮಚವನ್ನು ಉಪ್ಪಿಟ್ಟಿನಲ್ಲಿ ನೆಟ್ಟಳು. "ಹೇಗಮ್ಮ ಹೇಳ್ಲಿ?"

"ಬಾಯಲ್ಲಿ. ಆ ದೊರೆ ಮುಂದೆ ಹೇಳ್ದಲ್ಲ, ಅದೇ ಬಾಯಲ್ಲಿ."

"ಏನಂದ್ಕೋತಾನೋ..."

"ನಿನ್ನ ಬಗ್ಗೆ ಏನಂದ್ಕೊಂಡ್ರೆ ಏನೀಗ? ಆ ಇನ್ನೊಂದು ಪ್ರಾಣಿ ಸುಮ್ಸುಮ್ನೆ ಉಗುಳಿಸ್ಕೊಂಡು ಕೂತದಲ್ಲೇ ತಾಯಿ. ಅದನ್ನ ಒರೆಸೋರು ಯಾರು, ನಾನಾ?"

ಚಾಮುಂಡಿ ತಟ್ಟೆಯನ್ನು ಕುರ್ಚಿಯ ಮೇಲಿಟ್ಟಳು. ಅಲ್ಲೇ ನಿಂತು ಫೋನು ಹಚ್ಚಿದಳು. ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದು ಸ್ಪೀಕರಿಗೆ ಹಾಕಿದಳು. ನಾವು ದೂರ ಹೋಗಬೇಕಿತ್ತು, ಹೋಗಲಿಲ್ಲ.

"ಓ ಅಕ್ಕಾ! ಹುಷಾರಿದ್ದೀರಾ?"

"ಉಮಾನಾಥ, ನಿಖಿಲ ಹೇಳಿದ್ದಲ್ಲಪ್ಪ. ನಾನು ಹೇಳಿದ್ದು. ನಿನಗೆ ಒಳ್ಳೇದಾಗ್ಲಿ ಅಂತ ನಿನ್ನ ಸಾಹೇಬನ ಹತ್ರ ಹೇಳ್ದೆ. ಡಬ್ಬಿ, ಟವೆಲ್ಲು, ಎಲ್ಲಾ ನಾನೇ ಹೇಳಿದ್ದು. ನೀನು ಬೇಡ ಅಂದಿದ್ದೆ. ಆದ್ರೂ ಹೇಳ್ದೆ."

ಕೆಳಗಿನ ರಸ್ತೆಯಲ್ಲಿ ಅಂಗಡಿಯವನೊಬ್ಬ ಮಲ್ಲಿಗೆ ಮಲ್ಲಿಗೆ ಎಂದು ತಮಿಳಿನಲ್ಲಿ ಕೂಗುವುದು ಕೇಳಿಸಿತು.

"ಹೋದ ಸಲ ಫೋನು ಮಾಡಿದಾಗ ಗೊತ್ತಿತ್ತಾ ನಿಮಗೆ?" ಎಂದ ಉಮಾನಾಥ ಕೊನೆಗೆ.

"ಗೊತ್ತಾಯ್ತು. ಹೇಳೋಕೆ ಆಗ್ಲಿಲ್ಲ."

"ನಾನು ಅವನ ಅಮ್ಮನಿಗೂ ಸೇರಿಸಿ ಬೈದೆ, ಅಕ್ಕಾ. ಕಳೆದ ವಾರ ಫೋನು ಮಾಡಿದ್ದ, ಎತ್ಲಿಲ್ಲ."

"ನಾನೇ ಮಾತಾಡ್ತೀನಿ ಅವನ ಹತ್ರ, ನಂಬರ್ ಕೊಡು. ನಮ್ಮ ಯಜಮಾನರು ಇಲ್ಲಿ ಹೋಟೆಲ್‌ನೋರಿಗೆಲ್ಲ ಪರಿಚಯ, ನಿನಗೊಂದು ಕೆಲಸ ಇಲ್ಲೇ..."

"ಬೇಡ."

"ಹಾಗಂದ್ರೆ ಹೇಗಪ್ಪ, ನಮ್ಮಿಂದ..."

"ಬೇಡ ಅಕ್ಕಾ. ನಿಖಿಲನ ಹತ್ರ ನಾನು ಮಾತಾಡ್ಬೇಕು, ನೀವಲ್ಲ. ಇನ್ನು ನೀವು ಫೋನು ಮಾಡ್ಬೇಡಿ."

ಚಾಮುಂಡಿಯ ಬಾಯಿ ತೆರೆದೇ ಇತ್ತು. ಇನ್ನೊಂದು ಸಲ ಒತ್ತಾಯ ಮಾಡುವ ಮಾತು ಅದರಲ್ಲಿ ತಯಾರಾಗಿ ಕೂತದ್ದು ನನಗೂ ಕಾಣುತ್ತಿತ್ತು, ಕಾಂತಮ್ಮನಿಗೂ. ಅವಳು ಬಾಯಿ ಮುಚ್ಚಿದಳು.

"ಆಯ್ತು," ಎಂದಳು. ಆ ಕಡೆಯಿಂದ ಫೋನು ಇಟ್ಟಾಗಿತ್ತು.

ನಿಖಿಲ ಫೋನು ಎತ್ತಿದನೋ, ಉಮಾನಾಥನ ಮಾತು ಕೇಳಿಸಿಕೊಂಡನೋ ಚಾಮುಂಡಿಗೆ ಗೊತ್ತಿಲ್ಲ. ಕೇಳುವ ದಾರಿಯೂ ಇಲ್ಲ. ಉಮಾನಾಥನಿಗೆ ಬೇರೆ ಹಡಗು ಸಿಕ್ಕಿತೋ ಅದೂ ಗೊತ್ತಿಲ್ಲ. ಅವನ ನಂಬರು ಅವಳ ಫೋನಿನಲ್ಲಿ ಇದೆ. ಆಗಾಗ ತೆಗೆದು ನೋಡುತ್ತಾಳೆ ಎಂದು ಗಂಗಾಧರ ಹೇಳುತ್ತಾನೆ, ಒತ್ತುವುದಿಲ್ಲ.

ಕಳೆದ ಭಾನುವಾರ ನಾನೂ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ಭುವನ್ ಎಂಬ ಮೈಸೂರಿನ ಹುಡುಗ, ಅಲ್ಲಿ ಎಲ್ಲರಿಗಿಂತ ಹೊಟ್ಟೆಬಾಕ, ರೂಢಿಯಂತೆ ತಟ್ಟೆಗೆ ಕೈ ಅಡ್ಡ ಹಿಡಿದು, "ಬೇಡ ಆಂಟಿ, ಸಾಕು" ಎಂದ. ಸಾರಿನ ಸೌಟು ಅವನ ಬೆರಳ ಮೇಲೆ ಬಂದು ನಿಂತಿತು. ಆಮೇಲೆ ಮುಂದಿನ ತಟ್ಟೆಗೆ ಹೋಯಿತು.

ಭುವನ್ ತನ್ನ ಒಣ ಅನ್ನವನ್ನೂ ಅವಳ ಬೆನ್ನನ್ನೂ ನೋಡಿದ. "ಆಂಟಿ! ನಾನು ಸುಮ್ನೆ ಅಂದಿದ್ದು ಆಂಟಿ!"

"ಬೇಕಿದ್ರೆ ಬೇಕು ಅನ್ನು," ಎಂದಳು ಚಾಮುಂಡಿ, ತಿರುಗಿ ನೋಡದೆ.